ಸೆರೆಹಡಗಿನ ಸಂಪತ್ತು ಮತ್ತು ಪಾಲುದಾರನ ಅಂತಃಸಾಕ್ಷಿ

ದಾರಿಹೋಕನ ಗಂಟನ್ನು ಕಿತ್ತುಕೊಂಡರೆ ಅದನ್ನು ದರೋಡೆ ಎನ್ನುತ್ತೇವೆ. ಅದೇ ಕೃತ್ಯವು ಯುದ್ಧಕಾಲದಲ್ಲಿ, ಪ್ರಭುತ್ವದ ಪರವಾನಗಿಯೊಡನೆ, ಸಮುದ್ರದ ಮೇಲೆ ನಡೆದರೆ ಏನೆನ್ನಬೇಕು? ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಯುರೋಪು ಇದಕ್ಕೆ ಸಿದ್ಧ ಉತ್ತರವನ್ನಿಟ್ಟುಕೊಂಡಿತ್ತು. ಶತ್ರುವಿನ ವ್ಯಾಪಾರಿ ಹಡಗನ್ನು ಹಿಡಿದು ಬಂದರಿಗೆ ತರಬೇಕು; ನೌಕಾ ನ್ಯಾಯಾಲಯದ ತೀರ್ಪು ಪಡೆಯಬೇಕು; ಆಮೇಲೆ ಸರಕನ್ನು ಮಾರಿ, ಬಂದ ಹಣವನ್ನು ಪ್ರಭುತ್ವವೂ ಬಂಡವಾಳಗಾರರೂ ನಾವಿಕರೂ ಹಂಚಿಕೊಳ್ಳಬೇಕು. ಈ ಕ್ರಮವನ್ನು ಮೀರಿ ಸರಕನ್ನು ಬಚ್ಚಿಟ್ಟವನು ಮಾತ್ರ ಕಳ್ಳನೆನಿಸಿಕೊಳ್ಳುತ್ತಿದ್ದನು.

ಈ ವಿಂಗಡಣೆಯ ದೌರ್ಬಲ್ಯವು 1592ರಲ್ಲಿ ಬಯಲಾಯಿತು. ಭಾರತದಿಂದ ಲಿಸ್ಬನ್ನಿಗೆ ಮರಳುತ್ತಿದ್ದ ‘ಮಾದ್ರೆ ದೆ ದೆವುಸ್’ ಎಂಬ ಪೋರ್ಚುಗೀಸ್ ಹಡಗನ್ನು ಇಂಗ್ಲಿಷರು ಅಜೋರ್ಸ್ ದ್ವೀಪಗಳ ಬಳಿ ಹಿಡಿದರು. ಮೆಣಸು, ಲವಂಗ, ದಾಲ್ಚಿನ್ನಿ, ರೇಷ್ಮೆ, ಕಸ್ತೂರಿ, ಮುತ್ತುಗಳಿಂದ ತುಂಬಿದ್ದ ಆ ಹಡಗಿನ ಸರಕು ಸುಮಾರು 5 ಲಕ್ಷ ಪೌಂಡುಗಳಷ್ಟು ಬೆಲೆಯದೆಂದು ಅಂದಾಜಾಗಿತ್ತು. ಆದರೆ ನಾವಿಕರು ಸಮುದ್ರದಲ್ಲಿಯೇ ದೋಚತೊಡಗಿದರು. ಡಾರ್ಟ್‌ಮತ್ ಬಂದರಿಗೆ ಹಡಗು ಬಂದಾಗ ವ್ಯಾಪಾರಿಗಳು ಮುಗಿಬಿದ್ದು, ಕದ್ದ ಮಾಲನ್ನು ಅಗ್ಗಕ್ಕೆ ಕೊಂಡರು. ರಾಣಿ ಎಲಿಜಬೆತ್ ರಾಬರ್ಟ್ ಸೆಸಿಲನನ್ನು ಅಲ್ಲಿಗೆ ಕಳುಹಿಸಿದಳು. ಲಂಡನ್ನಿನ ಗೋಪುರದಲ್ಲಿ ಸೆರೆಯಲ್ಲಿದ್ದ ವಾಲ್ಟರ್ ರಾಲೆಯನ್ನೂ ಇದೇ ಕಾರ್ಯಕ್ಕೆ ಬಿಡುಗಡೆ ಮಾಡಿದಳು. ಕೊನೆಗೆ ಉಳಿದದ್ದು ಸುಮಾರು 1 ಲಕ್ಷ 40 ಸಾವಿರ ಪೌಂಡುಗಳ ಸರಕು. ಅದರಲ್ಲಿಯೂ ಸಿಂಹಪಾಲು ರಾಣಿಯದಾಯಿತು. ಪರರ ಹಡಗನ್ನು ಹಿಡಿದುದು ಪರಾಕ್ರಮ, ಹಿಡಿದ ಹಡಗಿನಿಂದ ಕದ್ದುದು ಅಪರಾಧ! ಮೇಲಿನವರು ಮಾಡಿದ್ದನ್ನೇ ನಾವು ಮಾಡಿದೆವೆಂದು ನಾವಿಕನು ಭಾವಿಸಿದ್ದರೆ ಅವನನ್ನು ಯಾವ ನೀತಿಯಿಂದ ತಿದ್ದಬಹುದಾಗಿತ್ತು?

ಹನ್ನೊಂದು ವರ್ಷಗಳ ತರುವಾಯ ಇದೇ ಪ್ರಶ್ನೆ ಇನ್ನೂ ಆಳವಾಗಿ ಎದ್ದಿತು. 1603ರ ಫೆಬ್ರವರಿ 25ರಂದು ಡಚ್ ನಾವಿಕ ಯಾಕೊಬ್ ವಾನ್ ಹೇಮ್ಸ್‌ಕೆರ್ಕ್ ಸಿಂಗಪುರದ ಸಮೀಪದಲ್ಲಿ, ಮಕಾವಿನಿಂದ ಮಲಾಕ್ಕಾಕ್ಕೆ ಹೋಗುತ್ತಿದ್ದ ‘ಸಾಂತಾ ಕಾತರೀನಾ’ ಎಂಬ ಪೋರ್ಚುಗೀಸ್ ಹಡಗಿನ ಮೇಲೆ ಬಿದ್ದನು. ಅದರಲ್ಲಿ ಸ್ತ್ರೀಯರೂ ಮಕ್ಕಳೂ ಇದ್ದರು. ದಿನವಿಡೀ ಕಾದಾಟ ನಡೆದ ಮೇಲೆ, ಪ್ರಾಣ ಉಳಿಸುವುದಾದರೆ ಹಡಗನ್ನೂ ಸರಕನ್ನೂ ಬಿಟ್ಟುಕೊಡುವೆವೆಂದು ಅವರು ಶರಣಾದರು. ಚೀನಾದ ರೇಷ್ಮೆ ಮತ್ತು ಪಿಂಗಾಣಿಯನ್ನು ಹೊತ್ತ ಆ ಹಡಗಿನ ಸರಕು ಆಮ್ಸ್ಟರ್‌ಡಾಮಿನಲ್ಲಿ 30 ಲಕ್ಷ ಗಿಲ್ಡರುಗಳಿಗೂ ಮಿಕ್ಕಿ ಮಾರಾಟವಾಯಿತು. 1602ರಲ್ಲಷ್ಟೇ ಸ್ಥಾಪಿತವಾಗಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮೂಲ ಬಂಡವಾಳದ ಸುಮಾರು ಅರ್ಧದಷ್ಟು ಮೊತ್ತವಿದು. 1604ರಲ್ಲಿ ನೌಕಾ ನ್ಯಾಯಾಲಯವು ಈ ಸೆರೆ ನ್ಯಾಯಸಮ್ಮತವೆಂದೇ ತೀರ್ಪಿತ್ತಿತು.

ಆದರೆ ಕಂಪನಿಯ ಪಾಲುದಾರರಲ್ಲಿ ಮೆನೊನೈಟ್ ಪಂಥದವರಿದ್ದರು. ಶಸ್ತ್ರ ಹಿಡಿಯಬಾರದೆಂಬುದು ಈ ಕ್ರೈಸ್ತ ಪಂಥದ ವ್ರತ. ವ್ಯಾಪಾರಕ್ಕೆಂದು ಹಣ ಕೊಟ್ಟವರಿಗೆ ಹಿಂಸೆಯಿಂದ ಬಂದ ಲಾಭವು ಹೇಸಿಗೆಯಾಗಿ ತೋರಿತು. ಅಂಥವರಲ್ಲಿ ಕೆಲವರು ಅದರ ಪಾಲನ್ನು ನಿರಾಕರಿಸಿದರು, ಕೆಲವರು ಕಂಪನಿಯಿಂದಲೇ ದೂರವಾದರು. ಈ ಆಕ್ಷೇಪಗಳಿಗೆ ಸಮಾಧಾನ ಹೇಳುವ ಹೊಣೆ ಇಪ್ಪತ್ತೊಂದರ ಪ್ರಾಯದ ನ್ಯಾಯವಾದಿ ಹ್ಯೂಗೋ ಗ್ರೋಶಿಯಸನ ಮೇಲೆ ಬಿತ್ತು. ಪೋರ್ಚುಗೀಸರು ಡಚ್ಚರ ವ್ಯಾಪಾರವನ್ನು ಬಲಾತ್ಕಾರದಿಂದ ತಡೆದಿದ್ದರು. ನ್ಯಾಯಾಧೀಶನಿಲ್ಲದ ಕಡಲಿನಲ್ಲಿ ಅನ್ಯಾಯಕ್ಕೊಳಗಾದವನೇ ದಂಡಿಸಬಹುದು ಎಂಬುದು ಅವನ ವಾದದ ತಿರುಳು. ಆ ಬೃಹದ್ಗ್ರಂಥದ ಒಂದು ಅಧ್ಯಾಯ ಮಾತ್ರ 1609ರಲ್ಲಿ ‘ಮಾರೆ ಲಿಬೆರುಮ್’ ಎಂದು ಪ್ರಕಟವಾಗಿ, ಸಮುದ್ರವು ಸರ್ವರ ಸ್ವತ್ತೆಂಬ ತತ್ತ್ವಕ್ಕೆ ತಳಹದಿಯಾಯಿತು. ಇಡೀ ಗ್ರಂಥವು ಅಚ್ಚಾದುದು 1868ರಲ್ಲಿ.

ಒಂದು ಉದಾತ್ತ ತತ್ತ್ವವು ಕೊಳ್ಳೆಯ ಸಮರ್ಥನೆಯಿಂದ ಹುಟ್ಟಿತೆಂಬುದು ಚಿಂತನೀಯ. ಗ್ರೋಶಿಯಸನ ತರ್ಕವನ್ನು ಲಘುವಾಗಿ ತಳ್ಳಿಹಾಕಲಾಗದು. ಪೋರ್ಚುಗೀಸರ ದೌರ್ಜನ್ಯವೂ ಸುಳ್ಳಲ್ಲ. ಆದರೆ ಅನ್ಯಾಯಕ್ಕೆ ಗುರಿಯಾದವನೇ ನ್ಯಾಯಾಧೀಶನೂ ಆಗಿ, ದಂಡದ ಹಣವನ್ನು ತಾನೇ ಬಾಚಿಕೊಳ್ಳುವಾಗ ನ್ಯಾಯಕ್ಕೂ ಲೋಭಕ್ಕೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಖಾಸಗಿ ಹಡಗುಗಳಿಗೆ ಇಂತಹ ಪರವಾನಗಿ ನೀಡುವುದನ್ನು 1856ರ ಪ್ಯಾರಿಸ್ ಘೋಷಣೆಯು ರದ್ದುಪಡಿಸಿತು.

ಕಾನೂನು ಅಲ್ಲಿಗೆ ಬರಲು ಎರಡೂವರೆ ಶತಮಾನಗಳು ಬೇಕಾದವು. ಆ ಪಾಲುದಾರರಾದರೋ ತೀರ್ಪು ತಮ್ಮ ಪರವಾಗಿದ್ದಾಗಲೇ ಕೈ ಹಿಂತೆಗೆದರು. ಅವರು ಫಿರಂಗಿಯನ್ನು ಹಾರಿಸಿದವರಲ್ಲ, ಹಡಗನ್ನು ಕಣ್ಣಿನಿಂದ ಕಂಡವರೂ ಅಲ್ಲ. ಆದರೂ ಲಾಭವನ್ನು ಸ್ವೀಕರಿಸುವವನು ಕೃತ್ಯದಲ್ಲಿ ಭಾಗಿಯೆಂದು ತಿಳಿದಿದ್ದರು. ದೂರದ ಉದ್ಯಮಗಳಲ್ಲಿ ಹಣ ತೊಡಗಿಸಿ ವರ್ಷಾಂತ್ಯದ ಲಾಭಾಂಶಕ್ಕೆ ಕಾಯುವ ನಾವೂ, ಆ ಹಣ ಯಾವ ದಾರಿಯಿಂದ ಬಂತೆಂದು ಒಮ್ಮೆ ವಿಚಾರಿಸಿ ನೋಡುವುದು ಯುಕ್ತವಾಗಿದೆ.