ಕುರ್ಚಿ ಹೋಯ್ತು, ತೀರ್ಪು ಉಳೀತು

ಬಹುಮತ ಇದೆಯೋ ಇಲ್ಲವೋ ಅಂತ ಹೇಳಬೇಕಾದ್ದು ಯಾರು? ರಾಜಭವನವೋ, ವಿಧಾನಸಭೆಯೋ? ಈ ಪ್ರಶ್ನೆಯನ್ನ ಕೋರ್ಟಿಗೆ ಒಯ್ದವರು ನಮ್ಮ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕ, ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ.

1989ರ ಏಪ್ರಿಲ್. 19 ಶಾಸಕರು ಬೆಂಬಲ ವಾಪಸ್ ಪಡೆದ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಬೆನ್ನಲ್ಲೇ ಏಳು ಮಂದಿ ಸರ್ಕಾರದ ಕಡೆಗೇ ಮರಳಿದರು. ಸದನದಲ್ಲೇ ಬಲ ತೋರಿಸ್ತೀನಿ ಅಂದರು ಬೊಮ್ಮಾಯಿ. ಅವಕಾಶ ಸಿಗಲಿಲ್ಲ. 21ರಂದು ಸರ್ಕಾರವೇ ವಜಾ.

ಹೈಕೋರ್ಟ್ ಅರ್ಜಿ ತಳ್ಳಿಹಾಕಿತು. ಬೊಮ್ಮಾಯಿ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು: ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, 356ನೇ ವಿಧಿಯ ಬಳಕೆಯನ್ನು ಕೋರ್ಟ್ ಪರಿಶೀಲಿಸಬಹುದು.

ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಾಗಿತ್ತು. ಗೆದ್ದವರಿಗೆ ಕುರ್ಚಿ ಮರಳಲಿಲ್ಲ. ಅಮೆರಿಕದ 1803ರ ಮಾರ್ಬರಿ ಪ್ರಕರಣವೂ ಹೀಗೇ. ಮಾರ್ಬರಿಗೆ ಹುದ್ದೆ ದಕ್ಕಲಿಲ್ಲ, ಆದರೆ ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ರದ್ದು ಮಾಡುವ ಅಧಿಕಾರ ಕೋರ್ಟಿಗೆ ದಕ್ಕಿತು.

2018ರ ಮೇ ನೆನಪಿಸಿಕೊಳ್ಳಿ. ಸುಪ್ರೀಂ ಕೋರ್ಟ್ ಮರುದಿನವೇ ವಿಶ್ವಾಸಮತ ಅಂದಿತು. ಮತಕ್ಕೆ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಬೊಮ್ಮಾಯಿಗೆ ಐದು ವರ್ಷ ಹಿಡಿದ ಉತ್ತರ ಈಗ ಒಂದೇ ದಿನದಲ್ಲಿ ಸಿಗುತ್ತೆ. ಯಾಕಂದ್ರೆ ಆ ಐದು ವರ್ಷ ಅವರು ಕಾದಿದ್ದರು.