ಮೋರ್ಯರು ಯಾರು? ಹಿರೇಬೆಣಕಲ್ಲಿನ ಕಲ್ಮನೆಗಳೂ ಕುಳ್ಳರ ಐತಿಹ್ಯವೂ

ತುಂಗಭದ್ರೆಯ ಉತ್ತರ ತೀರದ ಗಂಗಾವತಿ ಸೀಮೆಯು ಕಿಷ್ಕಿಂಧೆಯೆಂದು ಪ್ರಸಿದ್ಧವಾದುದು. ಆನೆಗೊಂದಿ, ಪಂಪಾಸರೋವರ, ಅಂಜನಾದ್ರಿ, ಅದರ ಸಮೀಪದ ಹನುಮನಹಳ್ಳಿ ಇವೆಲ್ಲವೂ ವಾನರಕಥೆಯೊಡನೆ ಬೆಸೆದುಕೊಂಡಿವೆ. ಆದರೆ ಇದೇ ಸೀಮೆಯಲ್ಲಿ ಆದಿಕವಿಯ ಕಾವ್ಯದಲ್ಲಿ ಕಾಣದ ಮತ್ತೊಂದು ಜನಾಂಗದ ಐತಿಹ್ಯವುಂಟು. ಹಿರೇಬೆಣಕಲ್ಲಿನ ಬೆಟ್ಟದ ಮೇಲಿರುವ ಕಲ್ಮನೆಗಳಲ್ಲಿ ಪೂರ್ವಕಾಲದಲ್ಲಿ ಮೋರ್ಯರೆಂಬ ಕುಳ್ಳ ಜನರು ವಾಸಿಸುತ್ತಿದ್ದರೆಂದು ಹಳ್ಳಿಗರು ನಂಬುತ್ತ ಬಂದಿದ್ದಾರೆ. ಬೆಟ್ಟಕ್ಕೆ ಮೋರ್ಯರ ಗುಡ್ಡವೆಂದೇ ಹೆಸರು. ಆಡುಮಾತಿನಲ್ಲಿ ಇವರೇ ‘ಮೊರೇರು’. ಈ ಮೋರ್ಯರು ಯಾರೆಂಬುದೇ ಪ್ರಸ್ತುತ ವಿಚಾರ.

ಬೆಟ್ಟದ ಮೇಲೆ ಸುಮಾರು 400 ಶಿಲಾರಚನೆಗಳಿವೆ. ಇವುಗಳಲ್ಲಿ ಮುಖ್ಯವಾದ ಕಲ್ಮನೆಗಳಿಗೆ ನೆಟ್ಟಗೆ ನಿಲ್ಲಿಸಿದ ಚಪ್ಪಡಿಗಳೇ ಗೋಡೆ; ಮೇಲೆ ಹೊದಿಸಿದ ಒಂದು ಮಹಾಶಿಲೆಯೇ ಛಾವಣಿ. ಹಲವಕ್ಕೆ ಒಂದು ಗೋಡೆಯಲ್ಲಿ ದುಂಡಾದ ಕಿಂಡಿಯುಂಟು. ಸಮೀಪದ ಎತ್ತರವಾದ ಬಂಡೆಯೊಂದರ ಮೇಲೆ ಕಲ್ಲಿನ ನಗಾರಿಯೂ ಇದೆ. 19ನೆಯ ಶತಮಾನದಲ್ಲಿ ಮೆಡೋಸ್ ಟೇಲರನು ಇವನ್ನು ವಿದ್ವಲ್ಲೋಕದ ಗಮನಕ್ಕೆ ತಂದನು. ಇವು ಅಯೋಯುಗದ ಜನರು ಮೃತರಿಗಾಗಿ ರಚಿಸಿದ ಸ್ಮಾರಕಗಳೆಂದೂ, ಇವುಗಳ ಕಾಲವು ಸುಮಾರು ಕ್ರಿ. ಪೂ. 800ರಿಂದ 200ರವರೆಗೆಂದೂ ಸಂಶೋಧಕರು ನಿರ್ಣಯಿಸಿದ್ದಾರೆ.

ಮೋರ್ಯರೆಂದರೆ ಮೌರ್ಯರೇ ಎಂಬ ಪಕ್ಷವೊಂದುಂಟು. ಮೌರ್ಯಶಬ್ದದ ಪಾಲಿರೂಪವು ‘ಮೋರಿಯ’ ಎಂದಿರುವುದೂ, ಅಶೋಕನ ಶಾಸನಗಳು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ದೊರೆತಿರುವುದೂ ಈ ಪಕ್ಷಕ್ಕೆ ಆಧಾರ. ಶಬ್ದಸಾಮ್ಯವು ನಿರಾಕರಿಸತಕ್ಕುದಲ್ಲ. ಆದರೆ ಚಂದ್ರಗುಪ್ತನು ರಾಜ್ಯವನ್ನು ಸ್ಥಾಪಿಸಿದುದು ಕ್ರಿ. ಪೂ. 4ನೆಯ ಶತಮಾನದ ಕೊನೆಯಲ್ಲಿ. ಕಲ್ಮನೆಗಳ ಆರಂಭವು ಅದಕ್ಕಿಂತ ಬಹುಪೂರ್ವದ್ದು. ಅಶೋಕನ ಶಾಸನಗಳಲ್ಲಿ ಮೌರ್ಯರೆಂಬ ವಂಶನಾಮವೇ ಇಲ್ಲ. ಚಕ್ರವರ್ತಿಗಳ ವಂಶವು ಕುಳ್ಳರಾದುದು ಹೇಗೆಂಬುದಕ್ಕೂ ಈ ಪಕ್ಷದಲ್ಲಿ ಸಮಾಧಾನವಿಲ್ಲ. ಆದುದರಿಂದ ಹೆಸರು ಒಂದೇ ಆಗಿದ್ದರೂ ಕಟ್ಟಿದವರು ಒಬ್ಬರೇ ಎಂದು ಸಾಧಿಸಲಾಗದು.

ಹಾಗಾದರೆ ಕುಳ್ಳರ ಕಲ್ಪನೆಗೆ ಮೂಲವೇನು? ಕೊಡಗಿನಲ್ಲಿ ಇಂಥವೇ ಕಲ್ಮನೆಗಳನ್ನು ಪಾಂಡವರ ಹೆಸರಿನಿಂದ ಕರೆಯುತ್ತಾರೆ. ಒಂದೇ ಬಗೆಯ ರಚನೆಯನ್ನು ಒಂದೆಡೆ ಮಹಾವೀರರಿಗೂ ಇನ್ನೊಂದೆಡೆ ಕುಬ್ಜರಿಗೂ ಆರೋಪಿಸಿದುದು ವಿಚಾರಾರ್ಹ. ಛಾವಣಿಯ ಭಾರವನ್ನು ನೋಡಿದವನಿಗೆ ಭೀಮನ ನೆನಪಾಗುವುದು. ಕಿಂಡಿಯ ಅಳತೆಯನ್ನು ನೋಡಿದವನಿಗೆ ಕುಳ್ಳನ ಊಹೆಯುಂಟಾಗುವುದು. ಮನೆಯಿಂದ ಮನೆಯೊಡೆಯನನ್ನು ಅನುಮಾನಿಸಿದ ಕ್ರಮವಿದು. ಹೇತುವಿನಲ್ಲಿ ಒಂದೇ ದೋಷ: ಮೃತರ ಮನೆಯನ್ನು ಜೀವಂತರ ಮನೆಯೆಂದು ಭಾವಿಸಿದುದು. ಐರ್ಲೆಂಡಿನಲ್ಲಿಯೂ ನ್ಯೂಗ್ರೇಂಜ್ ಮೊದಲಾದ ಪ್ರಾಚೀನ ಸಮಾಧಿದಿಬ್ಬಗಳು ಯಕ್ಷಸದೃಶರಾದ ಅದೃಶ್ಯ ಜನರ ನಿವಾಸವೆಂಬ ನಂಬಿಕೆ ಬೆಳೆದುಬಂದಿತು. ಪರಸ್ಪರ ಸಂಪರ್ಕವನ್ನು ಕಲ್ಪಿಸದೆಯೇ ಈ ಸಾಮ್ಯವನ್ನು ವಿವರಿಸಬಹುದು. ಕಟ್ಟಿದವರ ನೆನಪು ಅಳಿದು ಕಟ್ಟಡ ಉಳಿದಾಗ, ಜನರು ಅದಕ್ಕೆ ತಕ್ಕ ನಿವಾಸಿಗಳನ್ನು ತಾವೇ ಒದಗಿಸಿಕೊಳ್ಳುವರು.

ಆದರೂ ಈ ಐತಿಹ್ಯವನ್ನು ಅಜ್ಞರ ಮಾತೆಂದು ತಳ್ಳಿಹಾಕುವುದು ಯುಕ್ತವಲ್ಲ. ಈ ಕಲ್ಲುಗಳು ತಮ್ಮ ಹಿರಿಯರ ಕೆಲಸವಲ್ಲ, ದೇವತೆಗಳ ಸೃಷ್ಟಿಯೂ ಅಲ್ಲ, ತಮಗಿಂತ ಮುಂಚೆ ಬಾಳಿದ ಬೇರೊಂದು ಜನದ ಕೈವಾಡ ಎಂಬ ತಿಳಿವಳಿಕೆ ಅದರಲ್ಲಿ ಅಡಗಿದೆ. ಕಿಷ್ಕಿಂಧೆಯ ನೆಲದಲ್ಲಿದ್ದೂ ಇವು ವಾನರರ ಮನೆಗಳೆನಿಸದೆ ಮೋರ್ಯರ ಮನೆಗಳೆನಿಸಿಕೊಂಡುದೇ ಇದಕ್ಕೆ ಸಾಕ್ಷಿ. 2021ರಲ್ಲಿ ಈ ಸ್ಥಳವು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕಲ್ಲುಗಳನ್ನು ಅಳೆದು ದಾಖಲಿಸುವವರು ಅವುಗಳ ಹೆಸರನ್ನೂ ಕಥೆಯನ್ನೂ ಜೊತೆಗೇ ದಾಖಲಿಸುವುದು ಅವಶ್ಯಕ. ಕಲ್ಲು ಇನ್ನೂ ಬಹುಕಾಲ ನಿಂತೀತು. ಹೇಳುವ ನಾಲಗೆ ನಿಂತರೆ ಕಥೆ ಉಳಿಯದು.