ಪಾಠದ ಭಾರ ಬೆನ್ನಿಗೆ ಬಂದದ್ದು ಯಾವಾಗ?

ಸ್ಕೂಲು ಶುರುವಾಗಿ ಎರಡು ವಾರ ಆಗಿತ್ತು. ಐದನೇ ಕ್ಲಾಸಿನ ಮಗ ಸಂಜೆ ವ್ಯಾನ್ ಇಳಿದು ಬಂದೋನೇ ಬ್ಯಾಗು ಬಾಗಿಲಲ್ಲೇ ಬಿಸಾಕಿ, "ಅಮ್ಮ, ಬೆನ್ನು ನೋಯ್ತೈತೆ" ಅಂದ. ಆಟ ಆಡಿ ನೋವು ಮಾಡ್ಕೊಂಡವ್ನೆ ಅಂತ ಎಣ್ಣೆ ತಿಕ್ಕಿದೆ. ಮೂರನೇ ದಿನವೂ ಅದೇ ಮಾತು. ನಮ್ಮತ್ತೆ, "ಮೊದ್ಲು ಆ ಬ್ಯಾಗು ತೂಗಿ ನೋಡವ್ವ, ರಾಗಿ ಚೀಲ ಇದ್ದಂಗೈತೆ" ಅಂದ್ರು. ಬೀದಿ ಕೊನೆ ಅಂಗಡಿಯ ತಕ್ಕಡಿ ಮೇಲಿಟ್ಟರೆ 6 ಕೆ.ಜಿ. 400 ಗ್ರಾಂ! ಹುಡುಗನ ತೂಕವೇ 28 ಕೆ.ಜಿ.

ಮನೆಗೆ ತಂದು ಒಂದೊಂದೇ ತೆಗೆದು ಬೇರೆ ಬೇರೆ ತೂಗಿದ್ವಿ. ಪುಸ್ತಕ, ನೋಟ್‌ಬುಕ್ಕು, ವರ್ಕ್‌ಬುಕ್ಕು ಎಲ್ಲಾ ಸೇರಿ ಮೂರೂವರೆ ಕೆ.ಜಿ. ಖಾಲಿ ಬ್ಯಾಗೇ 900 ಗ್ರಾಂ. ಊಟದ ಡಬ್ಬಿ 700. ನೀರು ತುಂಬಿದ ಸ್ಟೀಲ್ ಬಾಟ್ಲು 1 ಕೆ.ಜಿ. 300. ಅವತ್ತು ರಾತ್ರಿ ಅತ್ತೆ ಪಕ್ಕ ಕೂತು ಯೋಚನೆ ಮಾಡಿದೆ. ನಮ್ಮ ಮನೆಯಲ್ಲಿ ಓದಿದೋರ ಬೆನ್ನಿಗೆ ಈ ಭಾರ ಬಂದದ್ದು ಯಾವಾಗ?

ನಮ್ಮ ಅಜ್ಜ ಹೊಸದುರ್ಗದ ಕಡೆ ಕೂಲಿಮಠದಲ್ಲಿ ಕಲಿತೋರು. ಮರಳ ಮೇಲೆ ಬೆರಳಲ್ಲಿ ತಿದ್ದೋದು, ಆಮೇಲೆ ಸ್ಲೇಟು, ಬಳಪ. ಮಗ್ಗಿ ಬಾಯಿಗೆ ಬರಬೇಕಿತ್ತು, ಹೊತ್ತುಕೊಂಡು ಹೋಗೋದು ಏನೂ ಇರ್ತಿರಲಿಲ್ಲ. ಹಾಗಂತ ಹಳೇದೆಲ್ಲಾ ಚಿನ್ನ ಅಂತ ನಾನು ಹೇಳಲ್ಲ. ತಪ್ಪು ಹೇಳಿದ್ರೆ ಬಗ್ಗಿಸಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲು ಇಡ್ತಿದ್ದರಂತೆ, ಕೈ ಕಟ್ಟಿ ತೊಲೆಗೆ ನೇತುಹಾಕೋ ಕೋದಂಡ ಬೇರೆ. ನಮ್ಮಜ್ಜಿಯಂತೂ ಸ್ಲೇಟೇ ಮುಟ್ಟಲಿಲ್ಲ. ನೀರಿನ ಬಿಂದಿಗೆ ಹೊತ್ತೇ ಅವರ ಬೆನ್ನು ಸವೆಯಿತು.

ಮಕ್ಕಳ ಮೈ ಗಟ್ಟಿ ಮಾಡೋದೂ ವಿದ್ಯೆಯೇ ಅಂತ ನಮ್ಮ ಸೀಮೆಗೆ ಕಲಿಸಿದೋರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. 1943ರಲ್ಲಿ ಹೊಳಲ್ಕೆರೆ ತಾಲ್ಲೂಕಿನ ಆ ಸಣ್ಣ ಊರಿಗೆ ಬಂದು ಅನಾಥ ಸೇವಾಶ್ರಮ ಕಟ್ಟಿದ್ರು. ಯೋಗ, ವ್ಯಾಯಾಮ, ಆಯುರ್ವೇದ ಮೂರೂ ಅವರ ಕೈಯಲ್ಲಿತ್ತು. ಜೋಳಿಗೆ ಹಿಡಿದು ದುಡ್ಡು ಕೂಡಿಸಿ, ತಮ್ಮನ್ನ ತಾವೇ 'ತಿರುಕ' ಅಂತ ಕರ್ಕೊಂಡ್ರು. ಊರೂರಿಗೆ ಹೋಗಿ ಆಸನ ಹೇಳಿಕೊಟ್ರು. 1996ರಲ್ಲಿ ತೀರಿಕೊಂಡ್ರು, ಆಗ ನೂರು ದಾಟಿತ್ತು ಅವರಿಗೆ. ಅವರ ಶಿಬಿರದಲ್ಲಿ ಕಲಿತ ನಮ್ಮ ಮಾವನೋರು ಎಪ್ಪತ್ತರಲ್ಲೂ ಬೆಳಿಗ್ಗೆ ಎದ್ದು ಸೂರ್ಯ ನಮಸ್ಕಾರ ಹಾಕಿಯೇ ಕಾಫಿ ಕುಡೀತಿದ್ರು.

ನಾನು ಓದಿದ್ದು ಎಂಬತ್ತರ ದಶಕದಲ್ಲಿ. ಅಮ್ಮ ಹೊಲಿದ ಬಟ್ಟೆ ಚೀಲ, ನಾಕು ಪುಸ್ತಕ. ಒಂದೂವರೆ ಮೈಲಿ ನಡೆದು ಹೋಗ್ತಿದ್ವಿ. ಡ್ರಿಲ್ ಪೀರಿಯಡ್ ಅಂದ್ರೆ ಡ್ರಿಲ್ಲೇ, ಆ ಹೊತ್ತಲ್ಲಿ ಗಣಿತದ ಮೇಷ್ಟ್ರು ಬಂದು ಕೂರಿಸ್ತಿರಲಿಲ್ಲ. ನೀರು ಹೊತ್ತು ಹೋಗಿದ್ದು ನೆನಪೇ ಇಲ್ಲ. ಬೋರಿನ ಹ್ಯಾಂಡಲ್ ಒಬ್ಬರು ಒತ್ತಿದ್ರೆ ಇನ್ನೊಬ್ಬರು ಬೊಗಸೆ ಒಡ್ಡೋದು.

ಆದರೆ ಪೇಟೆಗಳಲ್ಲಿ ಆಗಲೇ ಬ್ಯಾಗು ಊದಿತ್ತು. ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮೊದಲ ಸಲ ಮಾತಾಡಲು ಎದ್ದಾಗ ತೆಗೆದುಕೊಂಡ ವಿಷಯ ಇದೇ. ಬ್ಯಾಗಿನ ಭಾರಕ್ಕೆ ಮಕ್ಕಳು ಬಗ್ಗಿ ನಡೀತಾರೆ, ಆಟಕ್ಕೆ ಹೊತ್ತೇ ಇಲ್ಲ ಅಂತ ಸಂಕಟಪಟ್ಟರು. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶ್ ಪಾಲ್ ಅವರ ಸಮಿತಿ ಮಾಡಿತು, 1993ರಲ್ಲಿ ವರದಿ ಬಂತು. ಹೊರುವ ಭಾರಕ್ಕಿಂತ ಅರ್ಥವಾಗದೆ ಓದುವ ಭಾರ ಇನ್ನೂ ಕೆಟ್ಟದ್ದು ಅಂತ ಅದರಲ್ಲಿ ಹೇಳಿದ್ರು. 2006ರಲ್ಲಿ ರಾಜ್ಯಸಭೆಗೆ ಬ್ಯಾಗಿನ ತೂಕದ ಮಸೂದೆಯೂ ಬಂತು, ಕಾನೂನು ಆಗಲಿಲ್ಲ.

ನಮ್ಮ ರಾಜ್ಯದ ಆದೇಶ ಬಂದದ್ದು 2019ರ ಮೇ ತಿಂಗಳಲ್ಲಿ. ಒಂದು, ಎರಡನೇ ಕ್ಲಾಸಿಗೆ ಒಂದೂವರೆಯಿಂದ 2 ಕೆ.ಜಿ., ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು, ಹತ್ತಕ್ಕೆ 4ರಿಂದ 5. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ. 2023ರಲ್ಲಿ ಇದನ್ನೇ ಮತ್ತೆ ನೆನಪಿಸಿ ಸುತ್ತೋಲೆ ಕಳಿಸಿದ್ರು. 2024-25ರಿಂದ ಸರ್ಕಾರಿ ಪಠ್ಯಪುಸ್ತಕ ಎರಡು ಭಾಗವಾಗಿ ಬರ್ತಾ ಐತೆ. ಐದನೇ ಕ್ಲಾಸಿನ ನನ್ನ ಮಗ ಆದೇಶದ ಎರಡರಷ್ಟು ಹೊತ್ತಿದ್ದ. ತಪ್ಪು ಪಠ್ಯಪುಸ್ತಕದ್ದು ಕಡಿಮೆ. ಒಂದೊಂದು ವಿಷಯಕ್ಕೆ ಎರಡೆರಡು ಇನ್ನೂರು ಪುಟದ ನೋಟ್‌ಬುಕ್ಕು, ಮೇಲೆ ವರ್ಕ್‌ಬುಕ್ಕು, ಟೈಮ್ ಟೇಬಲ್ ನೋಡದೆ ಎಲ್ಲಾ ತುರುಕಿ ಕಳಿಸೋ ನನ್ನಂಥ ಅಮ್ಮಂದಿರು!

ಇನ್ನು ಆ ನೀರಿನ ಬಾಟ್ಲು. ಅದಕ್ಕೆ ನಮ್ಮ ಜಿಲ್ಲೆಯದೇ ಕಥೆ ಐತೆ. ಕೆರೆ, ಬಾವಿ ಬತ್ತಿ ಬೋರು ಆಳಕ್ಕೆ ಇಳಿದಂಗೆ ನೀರಲ್ಲಿ ಫ್ಲೋರೈಡ್ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಮಕ್ಕಳ ಹಲ್ಲಿಗೆ ಕಂದು ಗೆರೆ ಬೀಳುತ್ತೆ. ಇನ್ನೂ ಹೆಚ್ಚಾದ್ರೆ ಕೀಲು ಬಿಗಿದು, ಬೆನ್ನು ಬಾಗುತ್ತೆ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತೆ. ವಾಣಿವಿಲಾಸ ಸಾಗರದ ನೀರು ಬರೋ ಹಿರಿಯೂರು, ಚಿತ್ರದುರ್ಗದ ಮನೆಗಳ ಮಾತು ಬೇರೆ, ಬೋರನ್ನೇ ನಂಬಿದ ಹಳ್ಳಿಗಳ ಮಾತು ಬೇರೆ. ಅದಕ್ಕೇ ಶುದ್ಧ ನೀರಿನ ಘಟಕದ ಕ್ಯಾನ್ ತಂದು ಮಗುವಿನ ಬಾಟ್ಲಿಗೆ ತುಂಬಿ ಕಳಿಸ್ತೀವಿ. ಬೆನ್ನು ಉಳಿಸೋಕೆ ಅಂತ ಕೊಟ್ಟ ನೀರನ್ನ ಬೆನ್ನೇ ಹೊರಬೇಕು.

ಮುಂದಿನ ಪೋಷಕರ ಸಭೆಯಲ್ಲಿ ಚೀಟಿಯಲ್ಲಿ ತೂಕ ಬರ್ಕೊಂಡು ಹೋದೆ. ಮೊದಲು ಮಿಸ್ ನಕ್ಕರು, ಆಮೇಲೆ ಇನ್ನೂ ಮೂರು ಜನ ಅಮ್ಮಂದಿರು "ನಮ್ದೂ ಅಷ್ಟೇ ಐತೆ" ಅಂದಾಗ ಒಪ್ಪಿದ್ರು. ವರ್ಕ್‌ಬುಕ್ಕು ಈಗ ಸ್ಕೂಲ್ ಬೀರುವಿನಲ್ಲೇ ಇರುತ್ತೆ. ಅಲ್ಲಿ ಫಿಲ್ಟರ್ ಇರೋದನ್ನ ನೋಡಿ ಬಂದ ಮೇಲೆ ಅರ್ಧ ಲೀಟರಿನ ಹಗುರ ಬಾಟ್ಲು ಕೊಟ್ಟೆ. ಎರಡೂ ಪಟ್ಟಿ ಹೆಗಲಿಗೆ ಹಾಕಿ, ಬ್ಯಾಗು ಸೊಂಟದ ಕೆಳಗೆ ಜೋಲದ ಹಾಗೆ ಬಿಗಿದಿದೀನಿ. ಭಾರದ ಪುಸ್ತಕ ಬೆನ್ನಿಗೆ ಅಂಟಿದಂಗೆ ಒಳಗಡೆ ಇಡ್ತೀವಿ. ಬೆಳಿಗ್ಗೆ ರಾಗಿ ರೊಟ್ಟಿ, ಮೊಸರು. ಮಾವನೋರು ಇಲ್ಲ, ಅವರ ಬದಲು ಅತ್ತೆ ಮಹಡಿ ಮೇಲೆ ಕುರ್ಚಿ ಹಾಕ್ಕೊಂಡು ಕೂತು ಮೊಮ್ಮಗನ ಕೈಲಿ ಆರು ಸೂರ್ಯ ನಮಸ್ಕಾರ ಎಣಿಸಿ ಹಾಕಿಸ್ತಾರೆ.

ಹೋದ ಸೋಮವಾರ ಮತ್ತೆ ಅಂಗಡಿ ತಕ್ಕಡಿ ಮೇಲಿಟ್ಟೆ, 3 ಕೆ.ಜಿ. 800. ಆದೇಶಕ್ಕಿಂತ ಇನ್ನೂ 800 ಗ್ರಾಂ ಜಾಸ್ತಿ. ಮಗ ನೋವು ಅನ್ನೋದು ನಿಲ್ಲಿಸವ್ನೆ, ನಾನು ತೂಗೋದು ನಿಲ್ಲಿಸಿಲ್ಲ. ನಿಮ್ಮನೆ ಬ್ಯಾಗನ್ನೂ ಒಂದ್ಸಲ ತೂಗಿ ನೋಡ್ರಿ.